ದಶಾಂಶಕ್ಕೆ ಮುಂಚಿನ ಪ್ರಾರ್ಥನೆ

ಪ್ರಾರ್ಥನೆ ಸಾಕು ಮಾಡೋ ಎಂದು ಹೆತ್ತ ಮಗನನ್ನು ಗದರಿಸಿದ ಕ್ರೈಸ್ತ ತಾಯಿ ಇಡೀ ಮೂಡಲಗಿಯಲ್ಲಿ ನಾನೊಬ್ಬಳೇ ಇರಬೇಕು. ಕೇಳಿದವರು ಕಿವಿ ಮುಚ್ಚಿಕೊಂಡಾರು. ಆದರೆ ಮೊದಲು ನನ್ನ ಹೊಟ್ಟೆಯ ಉರಿ ಏನೆಂದು ಕೇಳಿ, ಆಮೇಲೆ ತೀರ್ಪು ಕೊಡಿ.

ಎರಡು ವರ್ಷದ ಹಿಂದೆ ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಎಂದು ಹಟ ಹಿಡಿದವಳು ನಾನು. ಕಣ್ಣೆದುರಿಗೆ, ದೇವಭಯದಲ್ಲಿ, ಯಾರ ಛಡಿಯ ಹೆದರಿಕೆಯೂ ಇಲ್ಲದೆ ಕಲಿಯಲಿ ಎಂಬ ಆಸೆ. ಊರಿಗೆ ಇದು ತಿಳಿಯಲೇ ಇಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಬಿಡುವುದಿಲ್ಲ: “ಯಾಕ್ರಿ ಅಕ್ಕಾರ, ಹುಡುಗ ಫೇಲ್ ಆದನೇನ್ರಿ?” ಎಲ್ಲರಿಗಿಂತ ಹೆಚ್ಚು ಉರಿಸಿದವನು ನನ್ನ ಮೈದುನ ಪ್ರಭಾಕರ. ಹುಕ್ಕೇರಿ ಕಡೆಯ ಒಂದು ಶಾಲೆಯಲ್ಲಿ ಗಣಿತದ ಮಾಸ್ತರ. ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು, ನಾನು ಮಾಡಿದ ಚಹಾ ಕುಡಿದು, ಕಪ್ಪು ಕೆಳಗಿಡುವ ಮೊದಲೇ ಶುರು ಮಾಡಿದ.

“ವೈನಿ, ಸಮುವೇಲ ಆರನೇ ಕ್ಲಾಸಿಗೆ ಬಂದಾನ. ದಶಾಂಶದ ಭಾಗಾಕಾರ ಮನ್ಯಾಗ ಆಗೂ ಕೆಲಸ ಅಲ್ರಿ. ನನ್ನ ಸಾಲಿಗೆ ಹಚ್ಚರಿ.”

“ನಾ ಬಿ.ಎ. ಮಾಡೇನ್ರಿ, ಸಾಲಿ ಕಟ್ಟಿ ಹತ್ತದಾಕಿ ಅಲ್ಲ. ಜೂನ್ ಮುಗಿಯೂದ್ರಾಗ ಕಲಿಸಿ ತೋರಸ್ತೇನಿ. ಅವಂಗ ಬರಲಿಲ್ಲಂದ್ರ ನೀವ ಕರಕೊಂಡ ಹೋಗ್ರಿ,” ಅಂದುಬಿಟ್ಟೆ. ಸಿಟ್ಟಿನ ಕೈಗೆ ನಾಲಿಗೆ ಕೊಟ್ಟರೆ ಹೀಗೇ ಆಗುವುದು.

ಬೆಳಗಾವಿಯಲ್ಲಿ ನಮ್ಮಂತೆಯೇ ಮನೆಯಲ್ಲಿ ಕಲಿಸುವ ಒಬ್ಬ ಗೆಳತಿ ಇದ್ದಾಳೆ. ಅವಳು ಫೋನಿನಲ್ಲಿ ಉಪದೇಶ ಮಾಡಿದಳು: “ಹೊಸ ವರ್ಷ ಮೆತ್ತಗ ಶುರು ಮಾಡ್ರಿ ಸಿಸ್ಟರ್, ಒಮ್ಮೆಲೇ ಹೇರಬ್ಯಾಡ್ರಿ. ಮೊದಲನೇ ವಾರ ಬರೇ ಪ್ರಾರ್ಥನಾ, ಹಾಡು, ಕಥಿ. ಎರಡನೇ ವಾರ ಕನ್ನಡ, ಇಂಗ್ಲಿಷ್. ಗಣಿತ ಕಡೀಕ.” ಆ ಕಡೆಯ ಮಾತು ನನಗೆ ಬಹಳ ಹಿಡಿಸಿತು. ಯಾಕೆ ಹಿಡಿಸಿತು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಎರಡು ವಾರ ಮನೆ ಸ್ವರ್ಗವಾಗಿತ್ತು. ಸಣ್ಣ ಮಗಳು ರೂತ್ ರೊಟ್ಟಿ ತಟ್ಟುವ ನನ್ನ ಪಕ್ಕದಲ್ಲೇ ಕೂತು ಬೈಬಲಿನ ವಚನ ಬಾಯಿಪಾಠ ಮಾಡಿದಳು. ಮೂರನೇ ವಾರ, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಗಣಿತದ ಪುಸ್ತಕ ತೆರೆದೆ. ಸಮುವೇಲ ಕೈ ಜೋಡಿಸಿದ.

“ಅವ್ವಾ, ಲೆಕ್ಕಾ ಮಾಡೂಕಿಂತ ಮೊದಲ ಒಂದ ಸಣ್ಣ ಪ್ರಾರ್ಥನಾ ಮಾಡ್ತೇನಿ.”

ಬೇಡ ಅನ್ನಲು ಬಾಯಿ ಬಂದೀತೆ? ನನಗೆ ಕಣ್ಣೀರೇ ಬಂತು. ಪ್ರಾರ್ಥನೆ ನಾಗನೂರಿನ ಅಜ್ಜಿಯ ಮೊಣಕಾಲಿನಿಂದ ಹೊರಟಿತು. ಪಕ್ಕದ ಮನೆ ಕಲ್ಲವ್ವನ ಎಮ್ಮೆ, ಸಂಕೇಶ್ವರ ಬಸ್ಸಿನ ಕಂಡಕ್ಟರು, ತಹಶೀಲ್ದಾರರು, ಗೋಕಾಕ ಫಾಲ್ಸ್ ನೋಡಲು ಹೋದವರ ಕಾಲು ಜಾರದಿರಲಿ ಎಂಬ ಬೇಡಿಕೆ, ಇಷ್ಟೆಲ್ಲ ದಾಟಿ ಆಮೆನ್ ಬರುವಾಗ ಗಡಿಯಾರ ಹತ್ತೂ ಮುಕ್ಕಾಲು. ಮಂಗಳವಾರ ಹನ್ನೊಂದಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿತುಪ್ಪ. ಪಾಸ್ಟರ್ ಅವರ ಹತ್ತಿರ ದೂರು ಹೇಳಿದರೆ “ಇಂಥಾ ಮಗನ್ನ ಪಡ್ಯಾಕ ಪುಣ್ಯಾ ಮಾಡೀರಿ” ಎಂದು ನನ್ನನ್ನೇ ಅಭಿನಂದಿಸಿದರು. ಎಮ್ಮೆಗಾಗಿ ಪ್ರಾರ್ಥಿಸಿದ ಸುದ್ದಿ ಕಲ್ಲವ್ವನ ಕಿವಿಗೂ ಬಿತ್ತು. ಸರಿಯಾಗಿ ಗಣಿತದ ಹೊತ್ತಿಗೆ ಬಾಗಿಲಲ್ಲಿ ಹಾಜರು: “ಎಮ್ಮಿ ಈಗ ಬೇಷ್ ಹಿಂಡಾಕತ್ತೇತಿ. ಅದರ ಕರುವಿನ ಸಲುವಾಗೂ ಒಂದ ಮಾತ ಹೇಳಪಾ ತಮ್ಮಾ.” ಅವನು ಹೇಳಿದ. ನಾನು ಗದರಿಸಿದ್ದು ಆ ದಿನ. ದೇವರ ಹೆಸರಿನ ಹಿಂದೆ ಅಡಗಿ ಲೆಕ್ಕ ತಪ್ಪಿಸುವ ಕಳ್ಳನನ್ನು ನಾನೇ ಹೆತ್ತೆನಲ್ಲ ಎಂದು ಮೈಯೆಲ್ಲ ಉರಿಯಿತು.

ಜೂನ್ ಕಡೆಯ ಶನಿವಾರ ಮಧ್ಯಾಹ್ನ ಪ್ರಭಾಕರ ಬಂದೇ ಬಂದ. ಬರುವಾಗಲೇ ಶಾಲೆಯ ಪ್ರವೇಶದ ಅರ್ಜಿ ತಂದಿದ್ದ. ಹಾಳೆಯ ಮೇಲೆ ಒಂದು ಲೆಕ್ಕ ಬರೆದು ಸಮುವೇಲನ ಮುಂದಿಟ್ಟ.

“ಕಾಕಾ, ಮೊದಲ ಪ್ರಾರ್ಥನಾ.”

ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ಇವತ್ತು ಅಜ್ಜಿಯೂ ಇಲ್ಲ, ಎಮ್ಮೆಯೂ ಇಲ್ಲ.

“ಪರಲೋಕದ ತಂದೆಯೇ, ದಶಾಂಶದ ಭಾಗಾಕಾರ ನಮ್ಮವ್ವಗ ಇವತ್ತರ ತಿಳೀಲಿ. ಚುಕ್ಕಿ ಎಲ್ಲಿ ಇಡಬೇಕಂತ ಆಕಿಗೆ ಗೊತ್ತಾಗವಲ್ದು. ಪುಸ್ತಕದ ಹಿಂದ ಉತ್ತರ ನೋಡಿ ಲಗೂನ ಮುಚ್ಚತಾಳ, ಆಮ್ಯಾಲ ನಮ್ಮ ಮ್ಯಾಲ ಸಿಟ್ಟಿಗೇಳತಾಳ. ಆಕಿ ಸಿಟ್ಟಿಗೇಳಬಾರದಂತ ನಾ ದಿನಾ ಪ್ರಾರ್ಥನಾ ಉದ್ದ ಮಾಡೇನಿ. ಕಾಕಾನ ಮುಂದ ಆಕಿ ಮಾನಾ ಕಾಯಿ. ಯೇಸುವಿನ ನಾಮದಲ್ಲಿ ಬೇಡತೇನಿ.”

ಎಲ್ಲರೂ ಆಮೆನ್ ಅಂದರು. ಅಭ್ಯಾಸಬಲ ನೋಡಿ, ಎಲ್ಲರಿಗಿಂತ ಜೋರಾಗಿ ಅಂದವಳು ನಾನೇ. ಪ್ರಾರ್ಥನೆಯಲ್ಲಿ ಸುಳ್ಳು ಹೇಳಬಾರದು ಎಂದು ಆ ಹುಡುಗನಿಗೆ ಕಲಿಸಿದವಳೂ ನಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ನನ್ನ ಸಲುವಾಗಿ ಬೈಸಿಕೊಂಡ ಮಗನನ್ನು ಹತ್ತಿರಕ್ಕೆ ಎಳೆದುಕೊಂಡೆ.

ಪ್ರಭಾಕರ ನಗಲಿಲ್ಲ. ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಲೆಕ್ಕದ ಹಾಳೆಯನ್ನು ನನ್ನ ಕಡೆ ಸರಿಸಿದ.

“ಹುಡುಗ ಮನ್ಯಾಗ ಇರಲಿ, ವೈನಿ. ಶನಿವಾರಕ್ಕೊಮ್ಮೆ ನಾ ಬರ್ತೇನಿ. ನೀವೂ ಪೆನ್ಸಿಲ್ ತಗೊಂಡ ಕುಂದರ್ರಿ.”

ಹೀಗೆ ನಮ್ಮ ಮನೆಯ ಶಾಲೆ ಉಳಿಯಿತು. ಆರನೇ ಕ್ಲಾಸಿನಲ್ಲಿ ಈ ವರ್ಷ ಇಬ್ಬರಿದ್ದೇವೆ. ನಾನು ಸೆಕೆಂಡ್ ಬರುತ್ತಿದ್ದೇನೆ.