ಗಲ್ಲದ ಮೇಲೊಂದು ಧೂಳಿನ ಮಚ್ಚೆ

ಹೊಸ ಫೋನ್ ತಗೊಂಡರೆ ಮೊದಲು ಗ್ಲಾಸ್ ಹಾಕಿಸಬೇಕು, ಆಮೇಲೆ ಯಾರಿಗಾದರೂ ತೋರಿಸಬೇಕು ಎಂದು ನನಗೆ ಮೊಟ್ಟಮೊದಲು ಹೇಳಿದವಳು ಸೇಡಂನಲ್ಲಿರುವ ನನ್ನ ನಾದಿನಿ. ಆಕೆ ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ. ನಾನು ಹಾಗೆಯೇ ಮಾಡುತ್ತೇನೆ. ಮಾಡಿದ ಮೇಲೆ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಇಪ್ಪತ್ತು ಚಿಲ್ಲರೆ ವರ್ಷದಿಂದ ಹೀಗೇ ನಡೆದಿದೆ. ಆದರೆ ಅಂಗೈಯಗಲದ ಗಾಜೊಂದು ನನ್ನ ಮಗಳ ಮದುವೆಯನ್ನೇ ತಪ್ಪಿಸಲು ಹೊರಟದ್ದು ಮಾತ್ರ ಈ ವರ್ಷ.

೧. ವಾಡಿಯ ಗಾಳಿ

ನಾನು ಇರುವುದು ಶಹಾಬಾದದಲ್ಲಿ, ಪಾಠ ಹೇಳುವುದು ಚಿತ್ತಾಪುರದ ಕಾಲೇಜಿನಲ್ಲಿ. ನಡುವೆ ವಾಡಿಯಲ್ಲಿ ರೈಲುಗಾಡಿ ಬದಲಿಸಬೇಕು. ಹೊಸ ಫೋನ್ ತಗೊಂಡ ಮರುದಿನ ಗಾಡಿ ಎಂದಿನಂತೆ ತಡ ಇತ್ತು. ಸ್ಟೇಷನ್ ಹೊರಗೆ ಛತ್ರಿ ಕೆಳಗೆ ಒಬ್ಬ ಮೊಬೈಲ್ ಸಾಮಾನು ಇಟ್ಟುಕೊಂಡು ಕೂತಿದ್ದ. ಗ್ಲಾಸ್ ಹಾಕು ಅಂದೆ.

ಅವನು ಶ್ರದ್ಧೆಯಿಂದಲೇ ಮಾಡಿದ, ಸುಳ್ಳು ಹೇಳಬಾರದು. ಒದ್ದೆ ಬಟ್ಟೆಯಿಂದ ಒರೆಸಿದ, ಒಣ ಬಟ್ಟೆಯಿಂದ ಒರೆಸಿದ, ಅಂಟುಪಟ್ಟಿ ಒತ್ತಿ ಧೂಳು ಎತ್ತಿದ, ಉಸಿರು ಬಿಗಿಹಿಡಿದು ಗ್ಲಾಸನ್ನು ಫೋನಿನ ಮೇಲೆ ತಂದ. ಸರಿಯಾಗಿ ಆ ಹೊತ್ತಿಗೆ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಗ್ಲಾಸ್ ಕೂತಿತು. ಅದರ ಕೆಳಗೆ ವಾಡಿಯದೂ ಒಂದು ಕಣ ಕೂತಿತು.

ಫೋನಿನ ಬೆಳಕು ಹಚ್ಚಿದರೆ ಕಾಣುವುದಿಲ್ಲ ಅಂದ. ಹಚ್ಚಿದೆ. ಆಗ ಇನ್ನೂ ಚೆನ್ನಾಗಿ ಕಂಡಿತು. ಅವನು ಫೋನನ್ನು ಹಿಂದೆ ಮುಂದೆ ಹಿಡಿದು ನೋಡಿ, ಸಮಾಧಾನದಿಂದ ನನ್ನ ಕೈಗಿಟ್ಟ.

"ಇರ್ಲಿ ಬಿಡ್ರಿ ಮೇಡಂ, ಹೊಸ ಫೋನ್ ಅದ. ದೃಷ್ಟಿಬೊಟ್ಟು ಆಯ್ತು."

೨. ಮಚ್ಚೆಯ ಹುಡುಗ

ಅದೇ ವಾರ ನನ್ನ ಮಗಳಿಗೆ ಚಿಂಚೋಳಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ದನದ ದವಾಖಾನೆಯಲ್ಲಿ ಡಾಕ್ಟರ್. ಯಾರದೋ ಮದುವೆಯಲ್ಲಿ ಮಗಳು ಅವನನ್ನು ನೋಡಿದ್ದಳು. ಫೋಟೋ ಬಂದಾಗ ಬಟ್ಟೆ ಮಡಚುತ್ತಿದ್ದವಳು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದಳು. ನಾನು ತಿಳಿದುಕೊಂಡೆ.

ಆದರೆ ನಮ್ಮ ಮನೆಯಲ್ಲಿ ಮದುವೆ ಮಾತಿಗೆ ಹೂಂ ಅನ್ನಬೇಕಾದವರು ದೊಡ್ಡತ್ತಿ. ಅಂದರೆ ನನ್ನ ಗಂಡನ ಸೋದರತ್ತಿ. ತಾಯಿ ಇಲ್ಲದ ನನ್ನ ಗಂಡನನ್ನೂ ನಾದಿನಿಯನ್ನೂ ಸಾಕಿದವರು. ಅವರು ಬೇಡ ಅಂದ ಮೇಲೆ ಬೇಕು ಅನ್ನುವ ಧೈರ್ಯ ಇವರಿಬ್ಬರಿಗೂ ಇಲ್ಲ. ನನಗೆ ಇದೆ, ಆದರೆ ನನ್ನನ್ನು ಯಾರೂ ಕೇಳುವುದಿಲ್ಲ.

ದೊಡ್ಡತ್ತಿ ಫೋನನ್ನು ತೋಳುದ್ದ ದೂರ ಹಿಡಿದು ನೋಡಿದರು. ಅವರ ಮುಖ ಅರಳಿತು. ವಾಡಿಯ ಧೂಳಿನ ಕಣ ಹುಡುಗನ ಗಲ್ಲದ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು.

"ಗಲ್ಲದ ಮ್ಯಾಲ ಮಚ್ಚಿ ಅದ ನೋಡವಾ. ಮಚ್ಚಿ ಇದ್ದ ಗಂಡಸು ಹೆಂಡತಿ ಮಾತು ಕೇಳ್ತಾನ. ನಮ್ಮ ಮನಿಯವರಿಗಿ ಇರಲಿಲ್ಲ."

ಅತ್ತಿ, ಅದು ಧೂಳು ಅನ್ನಲು ನಾನು ಬಾಯಿ ತೆರೆದೆ. ಮಗಳು ನನ್ನ ಕಾಲು ತುಳಿದಳು. ನನ್ನ ಗಂಡ ಕೆಮ್ಮಿದರು. ದೊಡ್ಡತ್ತಿ ಹೂಂ ಅಂದುಬಿಟ್ಟರು. ಹೀಗೆ ನಮ್ಮ ಮನೆಯ ಮೊದಲ ಒಪ್ಪಿಗೆ ಸಿಮೆಂಟ್ ಗಾಡಿಯ ಕೃಪೆಯಿಂದ ಬಂತು.

೩. ಬಚ್ಚಲಿನಲ್ಲಿ ಫರ್ಸಿ

ಆ ಕಣದ ಜೊತೆ ಬದುಕುವುದು ನನ್ನಿಂದ ಆಗಲಿಲ್ಲ. ಯಾರ ಮುಖ ನೋಡಿದರೂ ಮಚ್ಚೆ. ನಮ್ಮ ಪ್ರಿನ್ಸಿಪಾಲರಿಗೂ ಮಚ್ಚೆ, ಸೊಪ್ಪಿನ ಪಲ್ಯದ ಫೋಟೋಕ್ಕೂ ಮಚ್ಚೆ. ನಾದಿನಿಗೆ ಹೇಳಿದೆ. ಅದಕ್ಕೆ ಅಂಗಡಿ ಬೇಡ, ಬಚ್ಚಲು ಬೇಕು ಅಂದಳು. ಬಿಸಿನೀರು ಬಿಟ್ಟು ಹಬೆ ತುಂಬಿಸಿದರೆ ಧೂಳೆಲ್ಲ ಕೆಳಗೆ ಕೂತುಬಿಡುತ್ತದಂತೆ, ಆಗ ಹಾಕಿದರೆ ಒಂದು ಕಣವೂ ಸೇರುವುದಿಲ್ಲವಂತೆ. ಹೊಸ ಗ್ಲಾಸನ್ನೂ ಅವಳೇ ಕಳಿಸಿದಳು.

ನಾ ಹಾಕ್ತೀನಿ ಎಂದು ನನ್ನ ಗಂಡ ಎದ್ದರು. ಅವರದು ಫರ್ಸಿ ಕಲ್ಲಿನ ಪಾಲಿಶ್ ಕೆಲಸ. ಶಹಾಬಾದದ ಅರ್ಧ ಮನೆಗಳ ನೆಲಕ್ಕೆ ಅವರೇ ನಿಂತು ಕಲ್ಲು ಹಾಸಿಸಿದ್ದಾರೆ. ಇಷ್ಟಗಲದ ಗಾಜು ಯಾವ ಲೆಕ್ಕ ಅಂದರು. ದೊಡ್ಡತ್ತಿಯ ಜಳಕಕ್ಕೆ ಕಾಯಿಸಿದ್ದ ನೀರನ್ನೆಲ್ಲ ಇವರು ಬಚ್ಚಲಿಗೆ ಸುರುವಿ ಹಬೆ ಎಬ್ಬಿಸಿ, ಬಾಗಿಲು ಹಾಕಿಕೊಂಡು ಹಳೇ ಗ್ಲಾಸನ್ನು ಕಿತ್ತರು. ದೊಡ್ಡತ್ತಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ನಿಂತು ಬಂದವರಿಗೆಲ್ಲ ಹೇಳತೊಡಗಿದರು: "ನನ್ನ ನೀರಾಗ ಫೋನಿಗಿ ಜಳಕ ಮಾಡ್ಸಾಕತ್ತಾನ."

ಗ್ಲಾಸ್ ಕೂತಿತು. ಒಂದೇ ಒಂದು ಕಣ ಇಲ್ಲ, ಒಂದು ಗುಳ್ಳೆ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಫರ್ಸಿ ಹಾಸಿದ ಮನುಷ್ಯ ಹಾಸಿದ ಮೇಲೆ ಬಡಿದು ನೋಡಬೇಕು. ಕೆಳಗೆ ಪೊಳ್ಳಿದ್ದರೆ ಸಪ್ಪಳ ಬೇರೆ ಬರುತ್ತದೆ. ಇವರು ಫೋನಿಗೆ ಕಿವಿ ಹಚ್ಚಿ, ನಾಲ್ಕೂ ಮೂಲೆಗೆ ಚಂಬಿನ ಅಂಚಿನಿಂದ ಬಡಿದರು. ಮೂರು ಮೂಲೆ ಗಟ್ಟಿ ಇದ್ದವಂತೆ.

ಬಾಗಿಲು ತೆಗೆದು, ಜೇಡರಬಲೆಯಂತೆ ಬಿರುಕುಬಿಟ್ಟ ಗ್ಲಾಸನ್ನು ಬಿಡಿಸಿ, ಕೆಳಗಿನ ಫೋನನ್ನು ನನಗೆ ತೋರಿಸಿದರು. ಅದಕ್ಕೆ ಏನೂ ಆಗಿರಲಿಲ್ಲ. "ನೋಡು," ಅಂದರು ಹೆಮ್ಮೆಯಿಂದ, "ಗ್ಲಾಸ್ ಇತ್ತಂತ ಫೋನ್ ಉಳೀತು."

ಆದರೆ ಮಚ್ಚೆ ಉಳಿಯಲಿಲ್ಲ. ಸಂಜೆ ದೊಡ್ಡತ್ತಿ ಪಕ್ಕದ ಮನೆಯವರಿಗೆ ಹುಡುಗನನ್ನು ತೋರಿಸಲು ಫೋನ್ ಕೇಳಿದರು. ಬಹಳ ಹೊತ್ತು ನೋಡಿದರು. ಗಲ್ಲದ ಮೇಲೆ ಬೆರಳಾಡಿಸಿದರು. ಆಮೇಲೆ ಫೋನನ್ನು ನನಗೆ ವಾಪಸ್ ಕೊಟ್ಟು ಅಂದರು:

"ಇವ ಬ್ಯಾರೆ ಹುಡುಗ ಅದಾನ. ಆ ಮಚ್ಚಿ ಇದ್ದವನ್ನ ಯಾಕ ತೆಗದ್ರಿ?"

ಅದು ಧೂಳು ಎಂದು ಈಗ ನಾವು ಮೂವರೂ ಒಟ್ಟಿಗೆ ಹೇಳಿದೆವು. ಮೂವರೂ ಒಂದೇ ಮಾತು ಹೇಳಿದ್ದಕ್ಕೇ ಅವರಿಗೆ ಸಂಶಯ ಗಟ್ಟಿಯಾಯಿತು.

೪. ಪಕ್ಕದ ಸೀಟಿನವರು

ಹುಡುಗನ ಕಡೆಯವರು ವಿಡಿಯೋ ಕಾಲ್ ಮಾಡೋಣ ಅಂದರು. ಎಲ್ಲರೂ ಎಲ್ಲರನ್ನೂ ನೋಡಿದ ಹಾಗಾಗುತ್ತದೆ, ಮೊಣಕಾಲು ನೋವಿನ ದೊಡ್ಡತ್ತಿ ಚಿಂಚೋಳಿತನಕ ಹೋಗುವುದೂ ತಪ್ಪುತ್ತದೆ. ಒಂದೇ ಹುಡುಗ ಎಂದು ಅವರಿಗೆ ಖಾತ್ರಿ ಮಾಡಿಸಲು ನನಗೂ ಅದೇ ಬೇಕಾಗಿತ್ತು. ಐತವಾರ ಆಗಬಹುದೇ ಎಂದು ಗಾಡಿಯಲ್ಲಿ ಕೂತು ನಾದಿನಿಗೆ ಬರೆಯುತ್ತಿದ್ದೆ. ಬಲಕ್ಕೆ ಕೂತಿದ್ದ, ನನಗೆ ಗುರುತೇ ಇಲ್ಲದ ಹೆಂಗಸು ನನ್ನ ಭುಜದ ಮೇಲಿಂದ ಬಗ್ಗಿ ಅಂದರು:

"ಐತವಾರ ಬ್ಯಾಡ್ರಿ, ಅಮಾಸಿ ಅದ. ಸೋಮವಾರ ಅನ್ರಿ."

ಎಡಕ್ಕಿದ್ದವರು ಹುಡುಗನ ಫೋಟೋ ಸ್ವಲ್ಪ ದೊಡ್ಡದು ಮಾಡಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಐತವಾರ ಅಳಿಸಿ ಸೋಮವಾರ ಎಂದು ಬರೆದೆ.

ಚಿತ್ತಾಪುರದಲ್ಲಿ ಇಳಿದವಳೇ ಮೊಬೈಲ್ ಅಂಗಡಿಗೆ ಹೋದೆ. ಗ್ಲಾಸಿನಲ್ಲಿ ಒಂಬತ್ತು ಡಿ ಇದೆ, ಹನ್ನೊಂದು ಡಿ ಇದೆ, ಇಪ್ಪತ್ತೊಂದು ಡಿ ಕೂಡ ಇದೆ ಎಂದು ಅಂಗಡಿಯವನು ಹರವಿದ. ಡಿ ಅಂದರೇನು ಎಂದು ಕೇಳಿದೆ. ಹೆಚ್ಚಾದಷ್ಟೂ ಚಲೋ ಅಂದ. ಹಾಗಾದರೆ ಇಪ್ಪತ್ತೊಂದು ಹಾಕು ಅಂದರೆ, ಅದು ನಿಮ್ಮ ಫೋನಿಗೆ ಬರುವುದಿಲ್ಲ ಅಂದ. ಅವನ ಸ್ವಂತ ಫೋನಿಗೆ ಗ್ಲಾಸೇ ಇರಲಿಲ್ಲ. ಯಾಕಪ್ಪಾ ಅಂದೆ.

"ನಂದು ಹಳೇದ್ರಿ. ಒಡೀಲಿ ಅಂತ ದಾರಿ ನೋಡಾಕತ್ತೀನಿ. ಇದು ಇರೋತನಕ ಮನ್ಯಾಗ ಹೊಸದು ತಗೊಳ್ಳಾಕ ಬಿಡವಲ್ರು."

ಗಾಡಿಯ ಕಥೆ ಕೇಳಿ ಅವನೇ ಇನ್ನೊಂದು ಗ್ಲಾಸ್ ತೆಗೆದ. ಪ್ರೈವೆಸಿ ಗ್ಲಾಸ್. ಎದುರಿಗೆ ಹಿಡಿದವರಿಗೆ ಮಾತ್ರ ಕಾಣುತ್ತದೆ, ಪಕ್ಕದಿಂದ ನೋಡಿದವರಿಗೆ ಬರೀ ಕಪ್ಪು. ನಾನು ಆ ಹೆಂಗಸರಿಬ್ಬರನ್ನೂ ನೆನೆದು ಹಾಕಿಸಿಬಿಟ್ಟೆ. ಸಂಜೆ ವಾಪಸ್ ಬರುವಾಗ ಬೇಕಂತಲೇ ಇಬ್ಬರ ನಡುವೆ ಕೂತು ಫೋನ್ ತೆಗೆದೆ. ಬಲಕ್ಕಿದ್ದವರು ಸ್ವಲ್ಪ ಹೊತ್ತು ಇಣುಕಿ, ಮರುಕದಿಂದ ನನ್ನ ಕೈ ಮುಟ್ಟಿದರು.

"ಚಾರ್ಜ್ ಮುಗದದ ಕಾಣಸ್ತದ್ರಿ. ನಂದು ಕೊಡ್ಲೇನು?"

೫. ಕತ್ತಲಲ್ಲಿ ಕೂತವನು

ಸೋಮವಾರ ಸಂಜೆ ಸ್ಟೂಲಿನ ಮೇಲೆ ಸಕ್ಕರೆ ಡಬ್ಬಿಗೆ ಫೋನ್ ಆನಿಸಿಟ್ಟೆವು. ಎದುರಿಗೆ ನಾನು ಮತ್ತು ನನ್ನ ಗಂಡ. ಬಲಕ್ಕೆ ಗೋಡೆಯ ಹತ್ತಿರ ತಮ್ಮ ಕುರ್ಚಿಯಲ್ಲಿ ದೊಡ್ಡತ್ತಿ. ನಮ್ಮ ಬೆನ್ನ ಹಿಂದೆ ಸೇಡಂನಿಂದ ಬಂದಿದ್ದ ನಾದಿನಿ. ಮಗಳು ಅಡಿಗೆಮನೆಯ ಬಾಗಿಲಲ್ಲಿ, ಬೇರೇನೋ ಕೆಲಸ ಇದ್ದವಳ ಹಾಗೆ.

ಹುಡುಗ ಬಂದ, ನಮಸ್ಕಾರ ಮಾಡಿದ. ನನ್ನ ಗಂಡ ಮಳೆ ಬೆಳೆ ವಿಚಾರಿಸಿದರು. ಆಗ ಬಲಗಡೆಯಿಂದ ದೊಡ್ಡತ್ತಿಯ ದನಿ ಬಂತು. ಅಲ್ಲಿ ಕರೆಂಟ್ ಹೋಗಿದೆಯೇನು ಎಂದು ಕೇಳಲು ಹೇಳಿದರು.

ಕರೆಂಟ್ ಇದೆ ಎಂದು ಹುಡುಗ ಮೆತ್ತಗೆ ಹೇಳಿದ. "ಇದ್ದರ ಹಚ್ಚಪಾ," ಅಂದರು ದೊಡ್ಡತ್ತಿ, "ಕತ್ತಲಾಗ ಯಾಕ ಕುಂತೀದಿ?" ಪಾಪ, ಅವರ ಮನೆಯವರು ಒಂದೊಂದೇ ದೀಪ ಹಚ್ಚಿದರು. ದೊಡ್ಡತ್ತಿಗೆ ಇನ್ನೂ ಕತ್ತಲೆಯೇ. ಕೊನೆಗೆ ಹುಡುಗ ಎದ್ದು ಹೋಗಿ ಬ್ಯಾಟರಿ ತಂದು, ಗದ್ದದ ಕೆಳಗೆ ಹಿಡಿದು ತನ್ನ ಮುಖಕ್ಕೆ ತಾನೇ ಬೆಳಕು ಬಿಟ್ಟುಕೊಂಡ. ನನಗೆ ಅಷ್ಟರಲ್ಲಿ ಗ್ಲಾಸಿನ ನೆನಪಾಗಿ, ಫೋನನ್ನು ತಟ್ಟನೆ ದೊಡ್ಡತ್ತಿಯ ಕಡೆ ತಿರುಗಿಸಿದೆ. ಅತ್ತ ತಿರುಗಿಸಿದ್ದೇ ನಮಗೆಲ್ಲ ಕಪ್ಪಾಯಿತು. ಲೈನ್ ಹೋಯಿತು ಅಂದಳು ನಾದಿನಿ. ನನ್ನ ಗಂಡ ಕೈ ಚಾಚಿ ಕಾಲ್ ಕಟ್ ಮಾಡಿ, ಮತ್ತೆ ಹಚ್ಚುತ್ತೇನೆ ಅಂದರು. ಆ ಒಂದು ಕ್ಷಣದಲ್ಲಿ ದೊಡ್ಡತ್ತಿಗೆ ಕಂಡದ್ದು ಗದ್ದದ ಕೆಳಗೆ ಬೆಂಕಿ ಹಚ್ಚಿಕೊಂಡಂಥ ಒಂದು ಮುಖ.

ಅವರು ನಿಧಾನವಾಗಿ ಎದ್ದರು. ತೀರ್ಪು ಕೊಟ್ಟರು.

"ಮೊದಲು ಮಚ್ಚಿ ಇದ್ದವ. ಆಮ್ಯಾಲ ಮಚ್ಚಿ ಇಲ್ಲದವ. ಈಗ ಕತ್ತಲಾಗ ಕುಂತವ. ಮೂರು ಮಂದಿನ ತೋರ್ಸೀರಿ. ನಾ ಹೂಂ ಅಂದದ್ದು ಮೊದಲನೇದವಗ. ಮಾಡೂದಿದ್ರ ಅವಂದು ಮಾಡ್ರಿ, ಇಲ್ಲಂದ್ರ ಬ್ಯಾಡ."

ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸಪ್ಪಳವಾಯಿತು. ನಾನು ಒಳಗೆ ಹೋದರೆ ಮಗಳು ಬೆನ್ನು ತಿರುಗಿಸಿ ನಿಂತಿದ್ದಳು. ದೊಡ್ಡತ್ತಿಯನ್ನು ಅವಳು ಆಯಿ ಅನ್ನುತ್ತಾಳೆ. ಆಯಿ ಬೇಡ ಅಂದ ಮೇಲೆ ಪಪ್ಪಾ ಏನೂ ಮಾಡುವುದಿಲ್ಲ, ನನಗೆ ಗೊತ್ತು ಅಂದಳು. ಅದು ನನಗೂ ಗೊತ್ತಿತ್ತು.

ನಾದಿನಿ ಮಾತ್ರ ಆರಾಮಾಗಿ ಚಹಾ ಕುಡಿಯುತ್ತ ಅಂದಳು: "ಅತಗೀ, ಗ್ಲಾಸ್ ಮಾತ್ರ ಭಾಳ ಚಲೋ ಕುಂತದ."

೬. ಖುದ್ದು ದರ್ಶನ

ಫೋನ್ ಬೇಡ, ಹುಡುಗನನ್ನೇ ಕರೆಸೋಣ ಎಂದು ನಾನು ಹಟ ಹಿಡಿದೆ. ದೊಡ್ಡತ್ತಿ ಒಪ್ಪಿದರು, ಯಾರು ಬರುತ್ತಾರೋ ನೋಡೇ ಬಿಡೋಣ ಅನ್ನುವ ಧಾಟಿಯಲ್ಲಿ. ಮುಂದಿನ ಐತವಾರ ಅವನು ತಂದೆ ತಾಯಿಯ ಜೊತೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನನ್ನು ನೋಡಿ, ಅವನಿಗೆಂದು ತಂದ ನೀರನ್ನು ನಾನೇ ಕುಡಿದುಬಿಟ್ಟೆ.

ಅವನ ಗಲ್ಲದ ಮೇಲೆ ಮಚ್ಚೆ ಇತ್ತು. ಅದೂ ಬಲಗಲ್ಲದ ಮೇಲೆ. ಧೂಳು ಕೂತದ್ದು ಎಡಗಲ್ಲದ ಮೇಲೆ. ಯಾರೋ ಫೋನ್ ನೋಡಿ ಬಲಕ್ಕೆ ಎಂದು ಹೇಳಿದ್ದಾರೆ, ನಮ್ಮ ಬಲ ಅವನ ಎಡ ಅನ್ನುವುದನ್ನು ಮರೆತಿದ್ದಾರೆ. ಆ ಯಾರೋ ಬಾಗಿಲ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು.

ದೊಡ್ಡತ್ತಿ ಅವನನ್ನು ಹತ್ತಿರ ಕರೆದು, ಕುಂದ್ರು ಅಂದರು. ಕೂತ. ಮುಖವನ್ನು ಅತ್ತ ತಿರುಗಿಸಿ ನೋಡಿದರು, ಇತ್ತ ತಿರುಗಿಸಿ ನೋಡಿದರು. ಆಮೇಲೆ ಸಣ್ಣ ಹುಡುಗರಿಗೆ ಮಾಡುವ ಹಾಗೆ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಗಲ್ಲ ತಿಕ್ಕಿದರು. ಮಚ್ಚೆ ಹೆಬ್ಬೆರಳಿಗೆ ಬಂತು. ಹುಡುಗನ ತಂದೆ ತಲೆಯೆತ್ತಿ ನಮ್ಮ ಫ್ಯಾನಿನ ರೆಕ್ಕೆಗಳನ್ನು ನೋಡತೊಡಗಿದರು.

"ಇದೇನಪಾ?"

"ಕಾಡಿಗಿರಿ, ಆಯಿ."

"ಯಾರು ಹಚ್ಕೋ ಅಂದ್ರು?"

ಹುಡುಗ ಒಮ್ಮೆ ಪರದೆಯ ಕಡೆ ನೋಡಿದ. ಕಿವಿ ಕೆಂಪಾಗಿತ್ತು. "ಹೇಳಬ್ಯಾಡಂತ ಹೇಳ್ಯಾರ್ರಿ."

ದೊಡ್ಡತ್ತಿ ಕಪ್ಪಾದ ಹೆಬ್ಬೆರಳನ್ನು ನೋಡಿದರು, ಪರದೆ ನೋಡಿದರು, ಹುಡುಗನನ್ನು ನೋಡಿದರು. ನಗು ಮೊದಲು ಅವರ ಹೊಟ್ಟೆಯಲ್ಲಿ ಎದ್ದು, ಭುಜಕ್ಕೆ ಬಂದು, ಆಮೇಲೆ ಬಾಯಿಗೆ ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಗಂಡನಿಗೆ ಹೇಳಿದರು:

"ಮಚ್ಚಿ ಯಾಕ ಬೇಕೋ ಇವಗ? ಹಚ್ಕೋ ಅಂದ್ರ ಹಚ್ಕೊಂಡು ಬಂದಾನ. ಹೇಳಬ್ಯಾಡ ಅಂದ್ರ ಹೇಳವಲ್ಲ. ಇವಗೇ ಕೊಟ್ಟುಬಿಡ್ರಿ."

ಕಣ್ಣು ಒರೆಸಿಕೊಂಡದ್ದು ಯಾವ ಕೈಯಿಂದ ಎಂದು ಅವರು ನೋಡಿಕೊಂಡಿರಲಿಲ್ಲ. ಮಾತು ಗಟ್ಟಿಯಾಗಿ, ಸಕ್ಕರೆ ಹಂಚಿ, ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡಾಗ ಮಚ್ಚೆ ಇದ್ದದ್ದು ದೊಡ್ಡತ್ತಿಯ ಗಲ್ಲದ ಮೇಲೆ.

ಆ ಫೋಟೋ ನನ್ನ ಫೋನಿನಲ್ಲಿದೆ, ಪ್ರೈವೆಸಿ ಗ್ಲಾಸೂ ಹಾಗೇ ಇದೆ. ನೀವು ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಪಕ್ಕದಲ್ಲಿ ಕೂತವರಿಗೂ ಬಾಯಿಬಿಟ್ಟು ಹೇಳಿಬಿಡಿ. ಪಾಪ, ಆಗಿನಿಂದ ನಿಮ್ಮ ಭುಜದ ಮೇಲಿಂದ ಇಣುಕುತ್ತಿದ್ದಾರೆ. ನಿಮ್ಮ ಗ್ಲಾಸೂ ನನ್ನದರಂಥದೇ ಆಗಿದ್ದರೆ, ಅವರಿಗೆ ಒಂದಕ್ಷರವೂ ಕಂಡಿರುವುದಿಲ್ಲ.