ಮಗಳ ತೂಕಕ್ಕೊಂದು ಮೆರವಣಿಗೆ

ಸೊವೆಟೋದಲ್ಲಿ ನಾವೆಲ್ಲ ಓದುವ ಒಂದು ಭಾನುವಾರದ ಪತ್ರಿಕೆ ನನ್ನ ಮಗಳಿಗೆ ಒಂದು ಕ್ಷಮಾಪಣೆ ಬಾಕಿ ಇಟ್ಟುಕೊಂಡಿದೆ. ಗಣಿ ಕಂಪನಿಯ ಗಂಟಲಿಗೆ ಕೈ ಹಾಕಿ ಕೂಲಿ ವಸೂಲು ಮಾಡಿದವನು ನಾನು. ಪತ್ರಿಕೆಯಿಂದ ಎರಡು ಸಾಲು ವಸೂಲು ಮಾಡಲು ಆಗಲಿಲ್ಲ.

ಮಗಳು ತ್ಸೆಹೊಗೆ ಹದಿನಾರು ವರ್ಷ. ಟೀವಿ ಧಾರಾವಾಹಿಯಲ್ಲಿ ಟ್ಯಾಕ್ಸಿ ಮಾಲೀಕನ ತಲೆಹರಟೆ ಮಗಳಾಗಿ ಹೆಸರು ಮಾಡಿದ್ದಾಳೆ. ಹೋದ ವರ್ಷ ಜ್ವರ ಬಂದು ಸೊರಗಿದಾಗ ಆ ಪತ್ರಿಕೆ ‘ಮೂಳೆ ಎಣಿಸಬಹುದು, ಏನು ಕಾಯಿಲೆಯೋ’ ಎಂದು ಕಣ್ಣೀರಿಟ್ಟಿತು. (ಓಣಿಯ ಹೆಂಗಸರು ಅಳುತ್ತ ಕೋಳಿ ತಂದುಕೊಟ್ಟರು. ನಾನೇ ತಿಂದೆ.) ಈ ವರ್ಷ ಅದೇ ಪತ್ರಿಕೆ ಚಿತ್ರದಲ್ಲಿ ಅವಳ ಸೊಂಟಕ್ಕೆ ಕೆಂಪು ಬಾಣದ ಗುರುತು ಹಾಕಿ, ‘ದಿನಕ್ಕೆ ಎಷ್ಟು ಮಗ್ವಿನ್ಯ ಉಂಡೆ ಕರಿದು ಹಾಕುತ್ತಾರಪ್ಪ ಮನೆಯಲ್ಲಿ?’ ಎಂದು ಕೇಳಿತು. ಪಾತ್ರದ ಬಗ್ಗೆ ಒಂದಕ್ಷರವಿಲ್ಲ, ಬರೀ ಗಾತ್ರದ ಪಾರಾಯಣ.

ತ್ಸೆಹೊ ತಟ್ಟೆ ಸರಿಸಿದಳು. ಮೆಕ್ಕೆಜೋಳದ ಪಾಪ್ ಮುದ್ದೆ ಬೇಡ, ಸಾರು ಬೇಡ. ಬೆಳಿಗ್ಗೆ ತೂಕದ ಯಂತ್ರ, ಸಂಜೆ ತೂಕದ ಯಂತ್ರ, ನಡುವೆ ಒಂದು ಸೌತೆಕಾಯಿ.

“ಮಗು ಒಣಗ್ತಾ ಇದೆ, ಏನಾದ್ರೂ ಮಾತಾಡ್ರೀ,” ಎಂದಳು ಹೆಂಡತಿ ಡಿಕೆಲೆಡಿ.

“ಮಾತಿನ ಕಾಲ ಮುಗೀತು. ಮೆರವಣಿಗೆ ತೆಗೀತೀನಿ.”

“ಮಗಳ ಹತ್ರ ಮಾತಾಡಿ ಅಂದೆ ನಾನು. ನಿಮಗೋ, ಮನೇಲಿ ಉಪ್ಪು ಮುಗಿದ್ರೂ ಮೆರವಣಿಗೇನೇ.”

ಇಂಥ ಪ್ರತಿಗಾಮಿ ಟೀಕೆಗಳಿಗೆ ನಾನು ಜಗ್ಗುವವನಲ್ಲ. ಗಣಿ ಕಾರ್ಮಿಕ ಸಂಘದ ಹಳೆಯ ಸಂಗಾತಿಗಳನ್ನು, ಅಂದರೆ ಮಂಡಿನೋವು ಮತ್ತು ಸಕ್ಕರೆ ಕಾಯಿಲೆಗಳ ಸಂಯುಕ್ತ ರಂಗವನ್ನು, ಪತ್ರಿಕೆಯ ಕಚೇರಿ ಮುಂದೆ ಜಮಾಯಿಸಿದೆ. ಕುಣಿಯುತ್ತ ಕೂಗುವುದು ನಮ್ಮ ಪದ್ಧತಿ: ಮುಂದಾಳು ಪ್ರಶ್ನೆ ಎಸೆಯಬೇಕು, ಹಿಂದಿನವರು ಉತ್ತರ ಎಸೆಯಬೇಕು. ಸುಳ್ಳನ್ನು ಅಂಕಿಅಂಶದಿಂದಲೇ ಹೊಡೆಯಬೇಕೆಂಬುದು ಸಂಘದಲ್ಲಿ ಕಲಿತ ಪಾಠ. ಹಾಗಾಗಿ ಬೆಳಿಗ್ಗೆಯೇ ಮಗಳ ಹೆಗಲ ಮೇಲಿಂದ ಇಣುಕಿ ಅಂಕಿ ಸಂಗ್ರಹಿಸಿದ್ದೆ.

“ಎಷ್ಟು ಕಿಲೋ?” ಎಂದು ಕೂಗಿದೆ.

“ಅರವತ್ತೊಂದು.”

“ಹೆಚ್ಚಾಯ್ತಾ?”

“ಇಲ್ಲವೇ ಇಲ್ಲ.”

ಬಹಳ ತೂಕದ ಘೋಷಣೆ. ಕ್ಯಾಮರಾಗಳು ಓಡಿಬಂದವು. ನಾನು ಮಂಡಿ ಎತ್ತೆತ್ತಿ ಕುಣಿದೆ. ಅಂಗಿಯ ಎರಡು ಗುಂಡಿಗಳು ಚಳವಳಿಯನ್ನು ತೊರೆದು ಹೋದವು.

ವಿಜಯೋತ್ಸಾಹದಿಂದ ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು.

“ಪಾಪಾ, ಅವ್ರು ದಪ್ಪಗಾಗಿದಾಳೆ ಅಂತಷ್ಟೇ ಬರೆದಿದ್ರು. ಎಷ್ಟು ಅಂತ ಅವ್ರಿಗೂ ಗೊತ್ತಿರಲಿಲ್ಲ.”

“ಅದು ಸತ್ಯಾಂಶ ಕಣಮ್ಮ...”

“ತಾಳ ಹಾಕ್ಕೊಂಡು ಹಾಡಿದೀರಿ. ನಮ್ಮ ಕ್ಲಾಸಿನ ಹುಡುಗ್ರು ಅದನ್ನೇ ರಿಂಗ್‌ಟೋನ್ ಮಾಡ್ಕೊಂಡಿದಾರೆ.”

ಭಾನುವಾರ ಪತ್ರಿಕೆ ಬಂತು. ‘ಅರವತ್ತೊಂದು: ತಂದೆಯಿಂದಲೇ ದೃಢ.’ ಕೆಳಗೆ ನನ್ನ ಚಿತ್ರ. ಎತ್ತಿದ ಮಂಡಿ, ತೆರೆದ ಅಂಗಿ, ಹೊಟ್ಟೆಗೆ ನೇರವಾಗಿ ಕೆಂಪು ಬಾಣ. ‘ಬೇರು ಇಲ್ಲಿದೆ.’

ಪೊಲೀಸ್ ನಾಯಿಗಳಿಗೆ ಎದೆ ಕೊಟ್ಟವನು ನಾನು. ಅಶ್ರುವಾಯು ಕುಡಿದವನು. ಅಂದು ಸಂಜೆ ಡಿಕೆಲೆಡಿ ಬಿಸಿ ಮಗ್ವಿನ್ಯ ಬಡಿಸಿದರೆ ಕೈ ಮೇಲೇಳಲಿಲ್ಲ. ನನ್ನದೇ ಮನೆಯಲ್ಲಿ, ನನ್ನದೇ ಮೇಜಿನ ಮುಂದೆ, ಹೊಟ್ಟೆ ಒಳಗೆಳೆದು ಕೂತಿದ್ದೆ.

“ಹಸಿವಿಲ್ಲ,” ಎಂದೆ.

ತ್ಸೆಹೊ ನನ್ನನ್ನೇ ನೋಡಿದಳು. “ಹೊಟ್ಟೆ ಬಿಡಿ ಪಾಪಾ. ಮುಖ ನೀಲಿಯಾಗ್ತಿದೆ.”

ಬಿಟ್ಟೆ. ಮೇಜು ಒಂದಿಷ್ಟು ಮುಂದೆ ಸರಿಯಿತು. ಅವಳ ಬಾಯಿಂದ ನಗು ಕಿತ್ತುಕೊಂಡು ಬಂತು.

“ಒಂದು ಒಪ್ಪಂದ,” ಎಂದಳು. “ನೀವು ಒಂದು ತಿಂದ್ರೆ ನಾನೊಂದು. ನೀವು ಬಿಟ್ರೆ ನಾನೂ ಬಿಟ್ಟೆ.”

“ಅವ್ರಿಗೆ ಡಾಕ್ಟರು ಎಣ್ಣೆ ಬೇಡ ಅಂದಿದಾರಲ್ಲೇ,” ಎಂದಳು ಡಿಕೆಲೆಡಿ. ಆದರೆ ಮಗಳು ಆಗಲೇ ಕಚ್ಚಿದ್ದಳು, ಆದ್ದರಿಂದ ಹೆಂಡತಿಯೇ ಇನ್ನೊಂದನ್ನು ತಂದು ನನ್ನ ಬಾಯಿಗೆ ತುರುಕಿದಳು.

ಈಗ ಮಗಳು ಉಣ್ಣುತ್ತಾಳೆ. ನಾನೂ ಉಣ್ಣಲೇಬೇಕು. ಪ್ಯಾಂಟುಗಳೆಲ್ಲ ರಾಜೀನಾಮೆ ಕೊಟ್ಟಿವೆ, ಮುಂದಿನ ಬಾಣಕ್ಕೆ ಗುರಿ ತಪ್ಪುವ ಪ್ರಶ್ನೆಯೇ ಇಲ್ಲ.

ಇರಲಿ, ನಿಮ್ಮ ಜೊತೆಗೂ ನನ್ನದೊಂದು ಲೆಕ್ಕವಿದೆ. ಆ ಪತ್ರಿಕೆಯನ್ನು ಕೊಂಡವರು ನೀವು. ಬಾಣ ಎಲ್ಲಿಗೆ ಬಿದ್ದಿದೆ ಎಂದು ಕತ್ತು ಚಾಚಿ ನೋಡಿದವರೂ ನೀವೇ. ಮುಂದಿನ ಭಾನುವಾರ ಕೊಳ್ಳಬೇಡಿ. ದಾರಿಯಲ್ಲಿ ನನ್ನ ಮಗಳು ಸಿಕ್ಕರೆ, ಟ್ಯಾಕ್ಸಿ ಮಾಲೀಕನ ಮಗಳ ಮುಂದಿನ ಕಿತಾಪತಿ ಏನು ಎಂದು ಕೇಳಿ. ಬೇರೆ ಏನನ್ನೂ ಕೇಳಬೇಡಿ.