ಇನ್ನೂರು ಮುಖಗಳ ಯುದ್ಧ

ಪಕ್ಕದ ಮನೆಯ ಸರೋಜಮ್ಮ ಕರಿಬೇವು ಕೇಳಲು ಬರದೇ ಇದ್ದಿದ್ದರೆ, ಬಂದರೂ ಮೇಜಿನ ಮೇಲಿದ್ದ ಭೂತಗನ್ನಡಿಗೆ ಕೈ ಹಾಕದೇ ಇದ್ದಿದ್ದರೆ, ಡ್ರಾಯಿಂಗ್ ಮೇಷ್ಟ್ರು ಗುರುವಪ್ಪನವರ ಆ ಭಾನುವಾರ ಸುಖವಾಗಿಯೇ ಕಳೆಯುತ್ತಿತ್ತು.

ಸುಂಟಿಕೊಪ್ಪದ ಹೊಸ ಸಮುದಾಯ ಭವನಕ್ಕೆಂದು ಐದು ತಿಂಗಳು ಕೂತು ಅವರು ಮೊಘಲ್ ಶೈಲಿಯಲ್ಲಿ ಯುದ್ಧದ ಚಿತ್ರ ಬರೆದಿದ್ದರು. ಎರಡು ಗೇಣು ಕಾಗದದಲ್ಲಿ ಕೋಟೆ, ಫಿರಂಗಿ, ಆನೆಗಳು, ಇನ್ನೂರು ಸೈನಿಕರು. ಒಬ್ಬೊಬ್ಬನ ಮುಖ ಅಕ್ಕಿಕಾಳಿನಷ್ಟು. ಅಷ್ಟು ಮುಖ ಎಲ್ಲಿಂದ ತರುವುದು? ಕಿಟಕಿಯಲ್ಲಿ ಕಂಡವರನ್ನೆಲ್ಲ ಸೈನ್ಯಕ್ಕೆ ಸೇರಿಸಿಬಿಟ್ಟಿದ್ದರು. ಸಂಜೆ ಐದಕ್ಕೆ ಅನಾವರಣ.

"ಅಯ್ಯೋ, ಇದೆಂತ ಮೇಷ್ಟ್ರೇ? ನಮ್ಮನೆಯವರು ಆನೆ ಮೇಲಿಂದ ತಲೆಕೆಳಗಾಗಿ ಬೀಳ್ತಾ ಇದ್ದಾರಲ್ಲ!"

"ಅದು ಶತ್ರು ಸೈನಿಕ, ಸರೋಜಮ್ಮ."

"ಮೂಗು ಇವರದ್ದೇ. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದ್ದೇನೆ."

ಹತ್ತು ನಿಮಿಷದಲ್ಲಿ ಅವರ ಗಂಡ, ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ದೇರಪ್ಪ ಹಾಜರಾದರು. "ನಾಳೆ ಕಾಫಿ ಪಿಕ್ಕಿಂಗಿಗೆ ಬರುವವರು ನನ್ನ ಮಾತು ಕೇಳ್ತಾರಾ? ಗೆದ್ದವರ ಆನೆ ಮೇಲೆ ಹತ್ತಿಸಿ ನನ್ನನ್ನ!"

ಗುರುವಪ್ಪ ಹತ್ತಿಸಿದರು. ಅಷ್ಟರಲ್ಲಿ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಪಿ.ಟಿ. ಮೇಷ್ಟ್ರು ನಿತೇಶ್ ಏದುಸಿರು ಬಿಡುತ್ತಾ ಬಂದು ನೋಡಿದರೆ, ತನ್ನ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ.

"ಸಾರ್, ನನಗೆ ಹುಡುಗಿ ನೋಡ್ತಾ ಇದ್ದಾರೆ. ಮೊದಲು ತಲೆ ಜೋಡಿಸಿ!"

ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಲಸಿಕೆಗೆ ನಿಂತಂತೆ ಸಾಲು. ಮೂರು ಗಂಟೆಗೆ, ಚುನಾವಣಾ ಫಲಿತಾಂಶದ ಮರುದಿನದ ಹಾಗೆ, ಊರಿಗೆ ಊರೇ ಗೆದ್ದ ಪಕ್ಷದಲ್ಲಿತ್ತು. ಅಳಿಸಿ ಅಳಿಸಿ, ಸೋತ ಇಪ್ಪತ್ತಾರು ಸೈನಿಕರಿಗೆ ಮುಖವೇ ಇಲ್ಲ.

ಯಾರ ಮುಖ ಬರೆದರೆ ಯಾರೂ ಜಗಳಕ್ಕೆ ಬರುವುದಿಲ್ಲ? ಗುರುವಪ್ಪ ಗೋಡೆಯ ಕನ್ನಡಿ ತೆಗೆದು ಮೇಜಿಗೆ ಒರಗಿಸಿಕೊಂಡರು. ನಾಲ್ಕೂವರೆಗೆ ಇಪ್ಪತ್ತಾರು ಗುರುವಪ್ಪಂದಿರು ಬೀಳುತ್ತಿದ್ದರು, ಓಡುತ್ತಿದ್ದರು, ಕೈಮುಗಿಯುತ್ತಿದ್ದರು. ಚಿತ್ರ ನೋಡಿ ಅವರಿಗೇ ನಗು ಬಂತು. ಊರು ಗೆಲ್ಲಲಿ, ತಾನು ಸೋತರೇನಂತೆ ಎಂದು ಹಗುರಾಗಿ ಭವನಕ್ಕೆ ನಡೆದರು.

ಪರದೆ ಸರಿಯಿತು. ಚಪ್ಪಾಳೆ ಬಿತ್ತು. ಭೂತಗನ್ನಡಿ ಕೈಯಿಂದ ಕೈಗೆ ದಾಟಿ ಭವನ ಸಮಿತಿಯ ಅಧ್ಯಕ್ಷೆ ತ್ರಿಪುರಸುಂದರಿ ಅವರನ್ನು ತಲುಪಿತು. ಅವರು ಬಗ್ಗಿ, ತುಟಿ ಅಲುಗಿಸುತ್ತಾ ಎಣಿಸತೊಡಗಿದರು.

"ಮೇಷ್ಟ್ರೇ, ನಮಗೆಲ್ಲ ಒಂದೊಂದೇ ಮುಖ. ನಿಮಗೆ ಮಾತ್ರ ಇಪ್ಪತ್ತಾರಾ?"

ಸಭೆ ಗುಜುಗುಜು ಎಂದಿತು. "ಅದೇ ನೋಡಿ, ಊರವರ ಭವನದಲ್ಲಿ ಎಲ್ಲಿ ನೋಡಿದ್ರೂ ಇವರೇ!" ಎಂದರು ಸರೋಜಮ್ಮ.

"ಅವರೆಲ್ಲ ಸೋತವರು, ಸತ್ತವರು ಮೇಡಂ!" ಎಂದು ಗುರುವಪ್ಪ ಗೋಗರೆದರು.

"ಸತ್ತರೇನು, ಕಾಣ್ತಾರಲ್ಲ!" ದೇರಪ್ಪ ಮುಂದೆ ನುಗ್ಗಿದರು. "ನನ್ನನ್ನೂ ಒಂದು ಹತ್ತು ಸಲ ಕೊಲ್ಲಿ!"

"ನನ್ನನ್ನ ಹನ್ನೆರಡು!" ಹಿಂದಿನಿಂದ ಯಾರೋ ಕೂಗಿದರು.

ಗುರುವಪ್ಪ ಚಿತ್ರವನ್ನು ಗೋಡೆಯಿಂದಿಳಿಸಿ ಕಂಕುಳಲ್ಲಿ ಇಟ್ಟುಕೊಂಡರು.

"ಆಯ್ತು ಮಾರಾಯ್ರೇ. ಸಾಯುವವರೆಲ್ಲ ನಾಳೆ ಏಳು ಗಂಟೆಗೇ ಬಂದುಬಿಡಿ. ನನಗೆ ಒಂಬತ್ತಕ್ಕೆ ಸ್ಕೂಲಿದೆ."